ಕತ್ತರಿಸುವುದು ಯಾವ ನರ?

ಕಳೆದ ವಾರ ಜಗಳೂರು ಕಡೆಯ ತಾಯಿಯೊಬ್ಬರು ಒಂದು ಒಪ್ಪಿಗೆ ಪತ್ರವನ್ನು ನನ್ನ ಮುಂದೆ ಇಟ್ಟರು. ಅವರ ಏಳು ವರ್ಷದ ಮಗನಿಗೆ ಸೆರೆಬ್ರಲ್ ಪಾಲ್ಸಿ, ಎಂದರೆ ಎಳವೆಯಲ್ಲೇ ಮಿದುಳಿಗೆ ಬಿದ್ದ ಪೆಟ್ಟಿನಿಂದ ಕೈಕಾಲಿನ ಚಲನೆ ಕೆಡುವ ಕಾಯಿಲೆ. ಹಿಮ್ಮಡಿ ನೆಲಕ್ಕೆ ತಾಗದೆ ತುದಿಗಾಲಲ್ಲಿ ನಡೆಯುತ್ತಾನೆ. ಎರಡು ವರ್ಷದಿಂದ ವ್ಯಾಯಾಮಕ್ಕೆಂದು ದಾವಣಗೆರೆಗೆ ಬರುತ್ತಾನೆ. ಪತ್ರದಲ್ಲಿ ಹೀಗೆ ಬರೆದಿತ್ತು: ‘ಎರಡೂ ಕಾಲುಗಳ ಹಿಮ್ಮಡಿಯ ನರ ಕತ್ತರಿಸುವ ಶಸ್ತ್ರಚಿಕಿತ್ಸೆ.’ ತಾಯಿ ಸಹಿ ಹಾಕಿರಲಿಲ್ಲ. “ನರವನ್ನೇ ಕತ್ತರಿಸಿದರೆ ಕಾಲಿಗೆ ಜೀವ ಎಲ್ಲಿಂದ ಬರುತ್ತದೆ ಸಾರ್?” ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ, ತಪ್ಪು ಇದ್ದದ್ದು ಪತ್ರದಲ್ಲಿ. ಈ ಸಾಲನ್ನು ಬೇರೆ ಬೇರೆ ಕಾಗದಗಳಲ್ಲಿ ನೋಡಿ ನೋಡಿ ನನಗೆ ಸಾಕಾಗಿದೆ.

ನಮ್ಮ ಮಾತಿನಲ್ಲಿ ‘ನರ’ ಎಂಬ ಒಂದೇ ಪದ ಎಷ್ಟು ಕಡೆ ದುಡಿಯುತ್ತದೆ ನೋಡಿ. ಡ್ರಿಪ್ ಹಾಕುವಾಗ ನರ್ಸ್ ಹುಡುಕುವ ನರ ರಕ್ತನಾಳ. ಬಹಳ ಹೊತ್ತು ನಿಂತು ದುಡಿಯುವವರ ಕಾಲಿನಲ್ಲಿ ಉಬ್ಬಿ ಕಾಣುವ ನರವೂ ರಕ್ತನಾಳವೇ. ಮೂಟೆ ಎತ್ತುವಾಗ ‘ಎಳೆದುಕೊಂಡ’ ನರ ಸಾಮಾನ್ಯವಾಗಿ ಮಾಂಸಖಂಡ. ಸಕ್ಕರೆ ಕಾಯಿಲೆಯವರ ಪಾದ ಜೋಮು ಹಿಡಿಯುವುದಕ್ಕೆ ಕಾರಣವಾದ ನರ ಮಾತ್ರ ನಿಜವಾದ ನರ, ಮಿದುಳಿಗೂ ದೇಹಕ್ಕೂ ನಡುವೆ ಸುದ್ದಿ ಸಾಗಿಸುವಂಥದ್ದು. ಹಿಮ್ಮಡಿಯ ಮೇಲ್ಗಡೆ ಬೆರಳಿಗೆ ಗಟ್ಟಿಯಾಗಿ ಸಿಗುವುದು ಇವುಗಳಲ್ಲಿ ಯಾವುದೂ ಅಲ್ಲ. ಅದು ಮೀನಖಂಡದ ಮಾಂಸವನ್ನು ಹಿಮ್ಮಡಿಯ ಎಲುಬಿಗೆ ಕಟ್ಟಿರುವ ದಪ್ಪ ಪಟ್ಟಿ. ಪಠ್ಯಪುಸ್ತಕ ಅದನ್ನು ಸ್ನಾಯುರಜ್ಜು ಎನ್ನುತ್ತದೆ. ಆ ಹುಡುಗನಲ್ಲಿ ಕೊಯ್ದು ಉದ್ದ ಮಾಡಬೇಕಾಗಿದ್ದದ್ದು ಇದನ್ನೇ.

ಹೀಗೆ ಬೆರೆಸಿ ಆಡುವುದಕ್ಕೆ ಜನರನ್ನು ದೂರುವಂತಿಲ್ಲ. ನಮ್ಮ ‘ನರ’ ದ್ರಾವಿಡ ಪದ. ಮನುಷ್ಯ ಎಂಬ ಅರ್ಥದ ಸಂಸ್ಕೃತದ ‘ನರ’ನಿಗೂ ಇದಕ್ಕೂ ಸಂಬಂಧವಿಲ್ಲ. ತಮಿಳಿನ ನರಂಬು, ಮಲಯಾಳದ ಞರಂಬು, ತೆಲುಗಿನ ನರಮು ಇದರ ಒಡಹುಟ್ಟುಗಳು. ತಮಿಳಿನ ನರಂಬು ರಕ್ತನಾಳವೂ ಹೌದು, ಕಟ್ಟುಪಟ್ಟಿಯೂ ಹೌದು, ಹಳೆಯ ಯಾಳ್ ವಾದ್ಯದ ತಂತಿಯೂ ಹೌದು. ದೇಹದೊಳಗೆ ದಾರದಂತೆ ಕಂಡದ್ದಕ್ಕೆಲ್ಲ ಹಿಂದಿನವರು ಒಂದೇ ಹೆಸರು ಕೊಟ್ಟರು. ಗ್ರೀಕರು ಮಾಡಿದ್ದೂ ಇದನ್ನೇ. ಅವರ ‘ನ್ಯೂರಾನ್’ ಮೊದಲು ಬಿಲ್ಲಿನ ಹೆದೆ, ಮಾಂಸವನ್ನು ಎಲುಬಿಗೆ ಕಟ್ಟುವ ಪಟ್ಟಿ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೆರೋಫಿಲಸ್ ಶವ ಕೊಯ್ದು ನೋಡಿ ಸುದ್ದಿ ಒಯ್ಯುವ ಎಳೆಗಳನ್ನು ಬೇರೆಯಾಗಿ ಗುರುತಿಸಿದ. ಬರಬರುತ್ತ ಹೆಸರು ಅವುಗಳಿಗೇ ಉಳಿಯಿತು. ಹಳೆಯ ಅರ್ಥ ಪೂರ್ತಿ ಅಳಿಯಲಿಲ್ಲ. ಮಾಂಸದ ಮೇಲೆ ಹಾಳೆಯಂತೆ ಹರಡಿದ ಚಪ್ಪಟೆ ಪಟ್ಟಿಯನ್ನು ವೈದ್ಯರು ಈಗಲೂ ‘ಅಪೊನ್ಯೂರೋಸಿಸ್’ ಎನ್ನುತ್ತಾರೆ. ಸೆರೆಬ್ರಲ್ ಪಾಲ್ಸಿಯ ಎಷ್ಟೋ ಮಕ್ಕಳಲ್ಲಿ ಸರ್ಜನ್ ಕೊಯ್ಯುವುದು ಮೀನಖಂಡದ ಈ ಹಾಳೆಯನ್ನೇ. ಹೆಸರಿನಲ್ಲಿ ‘ನ್ಯೂರೋ’ ಇದೆ, ಒಳಗೆ ನರವಿಲ್ಲ.

ಹಾಗಾದರೆ ‘ಸ್ನಾಯು’ ಎಂದರೆ ಸರಿಯಾಯಿತೇ? ಅದೂ ದಾರಿ ತಪ್ಪಿದ ಪದವೇ. ಸುಶ್ರುತ ಮಾಂಸಖಂಡಕ್ಕೆ ‘ಪೇಶಿ’ ಎನ್ನುತ್ತಾನೆ, ಅವನ ಎಣಿಕೆಯಲ್ಲಿ ಅವು 500. ಸ್ನಾಯುಗಳು 900, ಅವು ಕಟ್ಟುಗಳು. ಹಲಗೆಗಳನ್ನು ಬಿಗಿದು ಕಟ್ಟಿದ ದೋಣಿ ಹೇಗೆ ಭಾರ ಹೊರುತ್ತದೋ ಹಾಗೆ ಸ್ನಾಯುಗಳಿಂದ ಬಿಗಿದ ಕೀಲುಗಳು ದೇಹವನ್ನು ಹೊರುತ್ತವೆ ಎನ್ನುತ್ತಾನೆ. ಇಂದು ಅದೇ ಸ್ನಾಯು ಕನ್ನಡ, ಮರಾಠಿಗಳಲ್ಲಿ ಮಾಂಸಖಂಡವಾಗಿದೆ, ಬಂಗಾಳಿಯಲ್ಲಿ ನರವಾಗಿದೆ. ಬೇರೆ ಭಾಷೆಯ ಕರಪತ್ರವನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತರುವವರು ಇಷ್ಟನ್ನಾದರೂ ತಿಳಿದಿರಬೇಕು.

ನನಗೆ ಸರಿಯಾದ ಪದ ಕೊಟ್ಟವರು ಚಳ್ಳಕೆರೆ ಕಡೆಯ ಒಬ್ಬ ಅಜ್ಜ. ಮೊಮ್ಮಗಳ ಕಾಲಿನ ಬಗ್ಗೆ ನಾನು ವಿವರಿಸುತ್ತಿದ್ದಾಗ ನಡುವೆ ತಡೆದು, “ಮಿಣಿ ಗಿಡ್ಡವಾಗಿದೆ ಎನ್ನಪ್ಪ, ತಿಳಿಯುತ್ತದೆ” ಎಂದರು. ಎತ್ತುಗಳನ್ನು ಇಳಿಜಾರಿನಲ್ಲಿ ನಡೆಸಿ, ಮಿಣಿ ಎಂಬ ಹಗ್ಗದಿಂದ ಬಾವಿಯ ನೀರು ಎತ್ತುವ ಕಪಿಲೆ ಹೊಡೆದು ಬೆಳೆದ ಜೀವ ಅದು. ಅಂದಿನಿಂದ ನಾನು ಕಪಿಲೆಯನ್ನೇ ಹೇಳುತ್ತೇನೆ. ಎತ್ತು ಮಾಂಸಖಂಡ. ಮಿಣಿ ಸ್ನಾಯುರಜ್ಜು. ಬಾವಿಗೆ ಇಳಿಯುವ ತೊಗಲ ಚೀಲ ಪಾದ. ಎತ್ತು ಹೊಡೆಯುವವನು ಮಿದುಳು, ಅವನ ಕೂಗು ನರ. ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟು ಬಿದ್ದಿರುವುದು ಹೊಡೆಯುವವನಿಗೆ. ಅವನು ‘ಎಳೆ’ ಎಂದು ಬಿಡದೆ ಕೂಗುತ್ತಾನೆ, ಎತ್ತು ಜಗ್ಗಿಕೊಂಡೇ ನಿಂತಿರುತ್ತದೆ. ಇದು ಸ್ಪಾಸ್ಟಿಸಿಟಿ. ಮಗು ಬೆಳೆದಂತೆ ಎಲುಬು ಉದ್ದವಾಗುತ್ತದೆ, ಸದಾ ಬಿಗಿದ ಮಾಂಸ ಅದರ ಜೊತೆಗೆ ಬೆಳೆಯದೆ ಹಿಂದೆ ಬೀಳುತ್ತದೆ. ಕೊನೆಗೆ ಕೂಗು ನಿಂತರೂ ಚೀಲ ನೀರಿಗೆ ಮುಟ್ಟದು. ಇದು ಕಾಂಟ್ರಾಕ್ಚರ್. ಅರಿವಳಿಕೆ ಕೊಟ್ಟಾಗ ಎರಡೂ ಬೇರೆಯಾಗಿ ಕಾಣುತ್ತವೆ: ಸ್ಪಾಸ್ಟಿಸಿಟಿ ಮಾಯವಾಗುತ್ತದೆ, ಕಾಂಟ್ರಾಕ್ಚರ್ ಹಾಗೆಯೇ ಉಳಿಯುತ್ತದೆ. ಮಿಣಿ ಉದ್ದ ಮಾಡುವುದು ಈ ಎರಡನೆಯದಕ್ಕೆ.

‘ನರ’ ಎಂಬ ಪದ ಒಬ್ಬರನ್ನು ಹೆದರಿಸುತ್ತದೆ, ಇನ್ನೊಬ್ಬರಿಗೆ ಸುಳ್ಳು ಆಸೆ ಹುಟ್ಟಿಸುತ್ತದೆ. ನರ ಸರಿಪಡಿಸುತ್ತಾರಂತೆ, ಕಾಯಿಲೆಯೇ ಹೋಗುತ್ತದಂತೆ ಎಂದು ಸಾಲ ಮಾಡಿ ಹೊರಟವರನ್ನು ಕಂಡಿದ್ದೇನೆ. ‘ನರದೌರ್ಬಲ್ಯಕ್ಕೆ ಶಾಶ್ವತ ಪರಿಹಾರ’ ಎಂಬ ಭಿತ್ತಿಪತ್ರಗಳು ಇಂಥವರನ್ನೇ ಹಿಡಿಯುತ್ತವೆ. ಮೂಳೆ ಸರ್ಜನ್ ಹೊಡೆಯುವವನ ತಂಟೆಗೆ ಹೋಗುವುದಿಲ್ಲ. ಮಿದುಳಿನ ಪೆಟ್ಟು ಇದ್ದಷ್ಟೇ ಇರುತ್ತದೆ, ಹೆಚ್ಚುವುದೂ ಇಲ್ಲ. ಹೆಚ್ಚುವುದು ಕಾಲಿನ ಸೊಟ್ಟ. ತಿದ್ದಲು ಸಿಗುವುದೂ ಅದೇ.

ಈ ಕಾಯಿಲೆಯನ್ನು 1861ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯರ ಸಂಘದ ಮುಂದೆ ವಿವರಿಸಿದ ವಿಲಿಯಂ ಜಾನ್ ಲಿಟಲ್ ಅವರ ಪಾದವೂ ಬಾಲ್ಯದಿಂದ ಸೊಟ್ಟಗಿತ್ತು. 1836ರಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಸ್ಟ್ರೋಮೆಯರ್ ಅವರಿಂದ ಹಿಮ್ಮಡಿಯ ಪಟ್ಟಿ ಕೊಯ್ಸಿಕೊಂಡರು, ಮರುವರ್ಷ ಆ ವಿದ್ಯೆಯನ್ನು ಲಂಡನ್ನಿಗೆ ತಂದರು. ಬಹಳ ಕಾಲ ಈ ಕಾಯಿಲೆಗೆ ಅವರ ಹೆಸರೇ ಇತ್ತು. ಪಟ್ಟಿ ಕೊಯ್ದರೆ ಕಾಲು ಸಾಯುತ್ತದೆ ಎನ್ನುವವರಿಗೆ ನಾನು ಮೊದಲು ಹೇಳುವುದು ಈ ವೈದ್ಯರ ಕತೆಯನ್ನೇ.

ಹಾಗೆಂದು ಕೊಯ್ದದ್ದೆಲ್ಲ ಒಳ್ಳೆಯದಲ್ಲ. ಮಿಣಿ ಅತಿ ಉದ್ದವಾದರೆ ಎತ್ತು ಇಳಿಜಾರಿನ ತುದಿ ತಲುಪಿದರೂ ಚೀಲ ಮೇಲೆ ಬರುವುದಿಲ್ಲ. ಎರಡೂ ಕಾಲು ಬಿಗಿದ ಮಗುವಿನಲ್ಲಿ ಹಿಮ್ಮಡಿಯ ಪಟ್ಟಿಯೊಂದನ್ನೇ ಹೆಚ್ಚಾಗಿ ಸಡಿಲಿಸಿದರೆ ಮೀನಖಂಡದ ಬಲ ಹೋಗುತ್ತದೆ, ಮಗು ಮೊಣಕಾಲು ಮಡಚಿ ಕುಗ್ಗಿ ನಡೆಯಲು ತೊಡಗುತ್ತದೆ. ತುದಿಗಾಲ ನಡಿಗೆಗಿಂತ ಅದು ಕೆಟ್ಟದ್ದು, ತಿದ್ದುವುದೂ ಕಷ್ಟ. ಅದಕ್ಕೇ ಸೊಂಟ, ಮೊಣಕಾಲು, ಪಾದ ಮೂರನ್ನೂ ಒಟ್ಟಿಗೆ ನೋಡಿ, ಬೇಕಾದದ್ದನ್ನೆಲ್ಲ ಒಂದೇ ಬಾರಿ ಮಾಡುವ ಪದ್ಧತಿ ಬಂದಿದೆ. ನಡೆಯಬಲ್ಲ ಮಕ್ಕಳಿಗೆ ಹೆಚ್ಚಾಗಿ ಆರರಿಂದ ಹತ್ತು ವರ್ಷದ ಆಸುಪಾಸಿನಲ್ಲಿ. ವರ್ಷಕ್ಕೊಂದು ಆಪರೇಷನ್ ಮಾಡುತ್ತಿದ್ದ ಹಳೆಯ ರೂಢಿಯನ್ನು ಟೊರಾಂಟೋದ ಮೂಳೆ ಸರ್ಜನ್ ಮರ್ಸರ್ ರಾಂಗ್ ‘ಹುಟ್ಟುಹಬ್ಬದ ಕಾಯಿಲೆ’ ಎಂದು ಕರೆದರು: ಮಗುವಿನ ಪ್ರತಿ ಹುಟ್ಟುಹಬ್ಬವೂ ಆಸ್ಪತ್ರೆಯಲ್ಲೇ. ಸೊಂಟದ ಕೀಲು ಜಾರುವ ಮಕ್ಕಳಲ್ಲಿ ಎಲುಬನ್ನೇ ಕೊಯ್ದು ತಿರುಗಿಸಿ ಕೂರಿಸಬೇಕಾಗುತ್ತದೆ. ಅದು ಬೇರೆಯೇ ಮಾತು.

ನಿಜವಾದ ನರ ಕತ್ತರಿಸುವ ಆಪರೇಷನ್ ಕೂಡ ಇದೆ. ಬೆನ್ನುಹುರಿಗೆ ಸೇರುವ ನರದ ಬೇರುಗಳಲ್ಲಿ ಕೆಲವನ್ನು ಪರೀಕ್ಷಿಸಿ ಆರಿಸಿ ಕತ್ತರಿಸುತ್ತಾರೆ. ಬಿಗಿತವೇ ಮುಖ್ಯ ತೊಂದರೆಯಾದ, ಆಯ್ದ ಕೆಲವು ಮಕ್ಕಳಿಗೆ ಮಾತ್ರ ಅದು. ಮಾಡುವವರು ನರ ಸರ್ಜನ್, ಮೂಳೆ ಸರ್ಜನ್ ಅಲ್ಲ. ಹಿಂದೆ ತೊಡೆಗಳು ಕತ್ತರಿಯಂತೆ ಹೆಣೆದುಕೊಳ್ಳುವ ಮಕ್ಕಳಲ್ಲಿ ತೊಡೆಯ ಒಳಬದಿಯ ನರದ ಕವಲನ್ನು ಮೂಳೆ ಸರ್ಜನ್ನರೂ ಕತ್ತರಿಸುತ್ತಿದ್ದರು. ಆದ್ದರಿಂದ ಕಾಗದದಲ್ಲಿ ‘ನರ’ ಎಂದು ಬರೆದರೆ ಓದುವವರು ಇವುಗಳಲ್ಲಿ ಯಾವುದೆಂದು ತಿಳಿಯಬೇಕು?

ಆ ತಾಯಿಗೆ ಕಾಗದದ ಹಿಂಬದಿಯಲ್ಲಿ ಹೀಗೆ ಬರೆದುಕೊಟ್ಟೆ: ‘ಮೀನಖಂಡದ ಮಾಂಸ ಗಿಡ್ಡವಾಗಿದೆ. ಅದನ್ನು ಹಿಮ್ಮಡಿಯ ಎಲುಬಿಗೆ ಕಟ್ಟಿರುವ ಪಟ್ಟಿಯನ್ನು ಉದ್ದ ಮಾಡುತ್ತಾರೆ. ನರವನ್ನು ಮುಟ್ಟುವುದಿಲ್ಲ. ಆಮೇಲೆ ಕೆಲವು ವಾರ ಪ್ಲಾಸ್ಟರ್, ನಂತರ ತಿಂಗಳುಗಟ್ಟಲೆ ವ್ಯಾಯಾಮ ಬೇಕು. ಮಿದುಳಿನ ಕಾಯಿಲೆ ಇದರಿಂದ ಹೋಗುವುದಿಲ್ಲ, ಹಿಮ್ಮಡಿ ನೆಲಕ್ಕೆ ಮುಟ್ಟಲಿ ಎಂಬುದು ಉದ್ದೇಶ.’ ಎಷ್ಟು ಉದ್ದ ಮಾಡುತ್ತಾರೆ, ಮೊಣಕಾಲನ್ನೂ ನೋಡಿದ್ದಾರೆಯೇ ಎಂದು ಸರ್ಜನ್ನರನ್ನು ಕೇಳಿ ಸಹಿ ಹಾಕುತ್ತೇನೆ ಎಂದು ಆಕೆ ಕಾಗದ ಮಡಚಿಕೊಂಡರು.