ಸಿಟಿ ಪಾಪ್ ಅಂದರೆ ಯಾವ ಹಾಡು?

ಸಿಟಿ ಪಾಪ್ ಅನ್ನುವುದು ಜಪಾನಿನ ಒಂದು ಬಗೆಯ ಪಾಪ್ ಸಂಗೀತಕ್ಕೆ ಇರುವ ಹೆಸರು. 1970ರ ದಶಕದ ನಡುವಿನಿಂದ 80ರ ದಶಕ ಮುಗಿಯುವವರೆಗೆ ಬಂದ ಹಾಡುಗಳಿವು. ಅಮೆರಿಕದ ಸಾಫ್ಟ್ ರಾಕ್, ಫಂಕ್, ಡಿಸ್ಕೊ, ಒಂದಿಷ್ಟು ಜಾಝ್, ಎಲ್ಲವನ್ನೂ ಚೆನ್ನಾಗಿ ಅರಗಿಸಿಕೊಂಡು ಜಪಾನಿ ಭಾಷೆಯಲ್ಲಿ ಹಾಡಿದ್ದು. ಬೇಸ್ ಗಿಟಾರ್ ಕುಣಿಯುತ್ತಿರುತ್ತದೆ, ರೆಕಾರ್ಡಿಂಗ್ ಲಕಲಕ ಅನ್ನುವಷ್ಟು ಸ್ವಚ್ಛ. ಆಗ ಜಪಾನಿನಲ್ಲಿ ದುಡ್ಡು ಓಡಾಡುತ್ತಿತ್ತು, ರೆಕಾರ್ಡ್ ಕಂಪನಿಗಳು ಸ್ಟುಡಿಯೊಗೆ ಖರ್ಚು ಮಾಡಲು ಹಿಂದೆಮುಂದೆ ನೋಡುತ್ತಿರಲಿಲ್ಲ. 1979ರಲ್ಲಿ ಸೋನಿ ವಾಕ್‌ಮನ್ ಬಂತು, ಕಾರಲ್ಲೂ ಕ್ಯಾಸೆಟ್ ಹಾಕುವುದು ಮಾಮೂಲಾಯಿತು. ಹೈವೇ, ಕಡಲತೀರ, ರಾತ್ರಿಯ ಟೋಕಿಯೊ, ಹಾಡುಗಳಲ್ಲೂ ಜಾಸ್ತಿ ಬರುವುದು ಇವೇ.

ಈ ಹೆಸರು ಆಗಲೂ ಇತ್ತು. ಆದರೆ ಇವತ್ತಿನ ತೂಕ ಇರಲಿಲ್ಲ. ಆ ತೂಕ ಕೊಟ್ಟವರು ಜಪಾನಿನ ಹೊರಗಿನ ಕೇಳುಗರು, ಅದೂ ಮೂವತ್ತು ವರ್ಷ ತಡವಾಗಿ. ಹೇಗೆ ಅಂತ ತಿಳಿಯಬೇಕಾದರೆ ಗಾಯಕಿ ಮರಿಯಾ ತಕೆಯುಚಿ ಅವರ ಕಥೆ ನೋಡಬೇಕು.

ತಕೆಯುಚಿ ಹುಟ್ಟಿದ್ದು 1955ರಲ್ಲಿ, ಶಿಮಾನೆ ಪ್ರಾಂತ್ಯದಲ್ಲಿ. ಈಗ ಇಝುಮೊ ನಗರಕ್ಕೆ ಸೇರಿರುವ ಊರು ಅದು. ಅಲ್ಲಿನ ಹೆಸರಾಂತ ದೇಗುಲದ ಹತ್ತಿರ ಅವರ ಮನೆಯವರದ್ದು ಹಳೇ ಕಾಲದ ವಸತಿಗೃಹ. ಸಿಟಿ ಪಾಪ್‌ನ ರಾಣಿ ಅಂತ ಲೋಕ ಕರೆಯುವವರು ಬಂದದ್ದು ಸಿಟಿಯಿಂದಲ್ಲ! ಹೈಸ್ಕೂಲಲ್ಲಿದ್ದಾಗ ಅಮೆರಿಕದ ಇಲಿನಾಯ್‌ಗೆ ಹೋಗಿ ಓದಿದರು, ಆಮೇಲೆ ಟೋಕಿಯೊದ ಕೇಯೊ ವಿಶ್ವವಿದ್ಯಾಲಯ ಸೇರಿದರು, 1978ರಲ್ಲಿ ಮೊದಲ ಆಲ್ಬಂ ಬಂತು. ಶುರುವಿನಲ್ಲಿ ಕಂಪನಿ ಅವರನ್ನು ಮುದ್ದು ಮುಖದ ಟಿವಿ ತಾರೆಯ ಹಾಗೆ ಓಡಿಸಿತು. 1981ರ ಹೊತ್ತಿಗೆ ಸಾಕಾಗಿ ಬಿಡುವು ತೆಗೆದುಕೊಂಡರು. ಮರುವರ್ಷ ಸಂಗೀತಗಾರ ತತ್ಸುರೊ ಯಮಶಿತ ಜೊತೆ ಮದುವೆಯಾಯಿತು. ಮನೆಯಲ್ಲಿದ್ದುಕೊಂಡೇ ಬೇರೆಯವರಿಗೆ ಹಾಡು ಬರೆದುಕೊಡತೊಡಗಿದರು. ನನ್ನ ಲೆಕ್ಕದಲ್ಲಿ ಅವರು ನಿಜವಾಗಿ ಹಾಡು ಬರೆಯುವವರಾಗಿ ಗಟ್ಟಿಯಾದದ್ದು ವೇದಿಕೆ ಬಿಟ್ಟ ಈ ದಿನಗಳಲ್ಲೇ. 1984ರಲ್ಲಿ 'ವೆರೈಟಿ' ಆಲ್ಬಂ ಜೊತೆ ವಾಪಸ್ ಬಂದಾಗ ಅದರ ಎಲ್ಲ ಹಾಡೂ ಅವರದ್ದೇ, ನಿರ್ಮಾಣ ಯಮಶಿತ ಅವರದ್ದು. ಆಲ್ಬಂ ಜಪಾನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಅದರಲ್ಲೇ ಇತ್ತು 'ಪ್ಲಾಸ್ಟಿಕ್ ಲವ್'. 1985ರಲ್ಲಿ ಸಿಂಗಲ್ ಆಗಿ, ಅಂದರೆ ಆಲ್ಬಂನಿಂದ ಬೇರೆಯಾಗಿ ಒಂದು ಹಾಡಿನ ರೆಕಾರ್ಡ್ ಆಗಿ ಬಂದಾಗ ಮಾರಾಟವಾದದ್ದು ಸುಮಾರು 10,000 ಪ್ರತಿ. ಅವರ ಮಟ್ಟಿಗೆ ಅದು ಏನೂ ಅಲ್ಲ, 1994ರ ಅವರ ಸಂಕಲನ 30 ಲಕ್ಷಕ್ಕೂ ಜಾಸ್ತಿ ಹೋಗಿದೆ.

ಮುಂದೆ ನಡೆದದ್ದು ಮಾತ್ರ ಮಜವಾಗಿದೆ. 2017ರಲ್ಲಿ ಯಾರೋ ಒಬ್ಬ ಅಭಿಮಾನಿ ಈ ಹಾಡನ್ನು ಯೂಟ್ಯೂಬ್‌ಗೆ ಹಾಕಿದರು. ಜೊತೆಗೆ ತಕೆಯುಚಿ ನಗುತ್ತಿರುವ ಕಪ್ಪುಬಿಳುಪು ಫೋಟೋ. ಆ ಫೋಟೋ ಈ ಹಾಡಿನದ್ದೂ ಅಲ್ಲ, 1980ರ ಬೇರೊಂದು ಸಿಂಗಲ್‌ನದ್ದು! ಯೂಟ್ಯೂಬ್ ಅದನ್ನು ಕಂಡಕಂಡವರಿಗೆಲ್ಲ ತೋರಿಸುತ್ತಾ ಹೋಯಿತು, ಜಪಾನಿ ಭಾಷೆಯ ಗಂಧವೇ ಇಲ್ಲದವರು ಕೋಟಿಗಟ್ಟಲೆ ಸಲ ಕೇಳಿದರು, ಫೋಟೋ ತೆಗೆದಿದ್ದ ಅಮೆರಿಕದ ಅಲನ್ ಲೆವೆನ್ಸನ್ ಹಕ್ಕು ಕೇಳಿದ್ದರಿಂದ ವಿಡಿಯೊ ಕೆಲಕಾಲ ಮಾಯವಾಗಿ ಮತ್ತೆ ಬಂತು. ಕಂಪನಿ ಅಧಿಕೃತವಾಗಿ ಮ್ಯೂಸಿಕ್ ವಿಡಿಯೊ ಬಿಟ್ಟದ್ದು 2019ರಲ್ಲಿ, ಅದೂ ಚಿಕ್ಕದು. ಪೂರ್ತಿ ವಿಡಿಯೊಗೆ 2021ರವರೆಗೆ ಕಾಯಬೇಕಾಯಿತು.

ಆಮೇಲೆ ಬಾಗಿಲು ತೆರೆದುಕೊಂಡಿತು. ಮಿಕಿ ಮತ್ಸುಬರ 1979ರಲ್ಲಿ ಹಾಡಿದ 'ಮಯೊನಕ ನೊ ಡೋರ್' 2020ರಲ್ಲಿ ಟಿಕ್‌ಟಾಕ್ ತುಂಬಾ ಹರಡಿತು. ಪಾಪ, ಅದನ್ನು ನೋಡಲು ಅವರಿರಲಿಲ್ಲ, 2004ರಲ್ಲೇ ತೀರಿಕೊಂಡಿದ್ದರು. 2022ರಲ್ಲಿ ಕೆನಡಾದ ಗಾಯಕ ದಿ ವೀಕೆಂಡ್ ತನ್ನ 'ಔಟ್ ಆಫ್ ಟೈಮ್'ಗೆ ಜಪಾನಿನ ಟೊಮೊಕೊ ಅರನ್ ಅವರ 1983ರ ಹಾಡಿನ ಸಂಗೀತವನ್ನೇ ಎತ್ತಿಕೊಂಡರು.

ಒಂದು ತಕರಾರಿದೆ. ಈಗ 80ರ ದಶಕದ ಯಾವ ಜಪಾನಿ ಹಾಡು ಸಿಕ್ಕರೂ, ತಾಳೆಮರ, ಈಜುಕೊಳದ ಚಿತ್ರ ಹಾಕಿ ಸಿಟಿ ಪಾಪ್ ಅಂದುಬಿಡುತ್ತಾರೆ. ಅದೇ ಕಾಲದಲ್ಲಿ ಅಲ್ಲಿ ಎಂಕಾ ಅನ್ನುವ ಹಳೇ ಧಾಟಿಯ ಅಳುವ ಹಾಡುಗಳಿದ್ದವು, ಪೂರ್ತಿ ಸಿಂಥಸೈಜರ್ ಮೇಲೆ ನಿಂತ ಬ್ಯಾಂಡುಗಳಿದ್ದವು. ಅವು ಸಿಟಿ ಪಾಪ್ ಅಲ್ಲ. ಇನ್ನೊಂದು, ಇವೆಲ್ಲ ಬರೀ ಖುಷಿಯ ಹಾಡು ಅಂತ ಸುಮ್ನೆ ಹಿನ್ನೆಲೆಗೆ ಹಾಕಿಕೊಳ್ಳುತ್ತೇವಲ್ವಾ? 'ಪ್ಲಾಸ್ಟಿಕ್ ಲವ್' ಒಳಗಿರುವುದು ಪ್ರೀತಿಯಲ್ಲಿ ಪೆಟ್ಟು ತಿಂದು, ಇನ್ನು ಪ್ರೀತಿ ಅಂದರೆ ಬರೀ ಆಟ ಅಂದುಕೊಂಡ ಹೆಣ್ಣು. ಕುಣಿಯುವ ತಾಳ, ಒಳಗೆ ಆ ಬೇಸರ. ನನಗಂತೂ ಆ ಹಾಡಿನ ಜೀವ ಇರುವುದೇ ಅಲ್ಲಿ.

ಕೇಳಬೇಕು ಅನ್ನುವವರು 'ವೆರೈಟಿ'ಯಿಂದಲೇ ಶುರು ಮಾಡಿ. ಆಮೇಲೆ ಯಮಶಿತ ಅವರ 1982ರ 'ಫಾರ್ ಯೂ'. ಆದರೆ ಅವರು ಸ್ಟ್ರೀಮಿಂಗ್‌ಗೆ ತಮ್ಮ ಹಾಡು ಕೊಡಲು ಒಪ್ಪದ ಮನುಷ್ಯ, 2022ರಲ್ಲೂ ಅದನ್ನೇ ಹೇಳಿದ್ದರು. ಹಾಗಾಗಿ ಅದಕ್ಕೆ ಸಿಡಿ ಅಥವಾ ರೆಕಾರ್ಡ್ ಹುಡುಕುವುದೇ ದಾರಿ.