ಮೊದಲು ಸೊನ್ನೆ ಎಲ್ಲಿದೆ ನೋಡಿ
ಕಳೆದ ಮಳೆಗಾಲದಲ್ಲಿ ಮಂಗಳೂರಿನ ನಮ್ಮ ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿನಿ ಗ್ರಾಫ್ ಹಿಡಿದು ಓಡಿ ಬಂದಳು. "ಸರ್, ಸೂಪರ್‌ಕಂಡಕ್ಟರ್ ಕಾಂತಕ್ಷೇತ್ರವನ್ನು ಹೊರಗೆ ತಳ್ಳಬೇಕು ಅಲ್ವಾ? ಇದು ಒಳಗೆ ಎಳೆದುಕೊಂಡ ಹಾಗೆ ತೋರಿಸ್ತಿದೆ!"

ಸೂಪರ್‌ಕಂಡಕ್ಟರ್ ಅಂದರೆ ತುಂಬಾ ತಂಪಾದಾಗ ಕರೆಂಟಿಗೆ ಅಡ್ಡಿಯೇ ಇಲ್ಲದ ವಸ್ತು. ಅವಳ ಸ್ಯಾಂಪಲ್ ಸರಿಯಾಗಿಯೇ ಇತ್ತು. ಅವಳು ಮ್ಯಾಗ್ನೆಟ್‌ನಲ್ಲಿ 1 ಮಿಲಿಟೆಸ್ಲಾ (ಟೆಸ್ಲಾ ಅಂದರೆ ಕಾಂತಕ್ಷೇತ್ರದ ಅಳತೆ) ಇಟ್ಟು ಅದನ್ನು ತಂಪು ಮಾಡಿದ್ದಳು. ಆದರೆ ಒಳಗೆ ಇದ್ದದ್ದು ಉಲ್ಟಾ ದಿಕ್ಕಿನ ಕ್ಷೇತ್ರ. ಹಿಂದಿನ ದಿನ ಅದೇ ಮ್ಯಾಗ್ನೆಟ್ಟನ್ನು 5 ಟೆಸ್ಲಾ ತನಕ ಏರಿಸಿ ಇಳಿಸಿದ್ದರು. ಕರೆಂಟ್ ಸೊನ್ನೆಯಾದರೂ ಮ್ಯಾಗ್ನೆಟ್ಟಿನ ನಿಯೋಬಿಯಂ-ಟೈಟಾನಿಯಂ ತಂತಿಯಲ್ಲಿ ಒಂದಿಷ್ಟು ಕ್ಷೇತ್ರ ಸಿಕ್ಕಿಬಿದ್ದಿರುತ್ತದೆ, ಸ್ಯಾಂಪಲ್ ಇರುವ ನಡುವಿನಲ್ಲಿ ಅದರ ದಿಕ್ಕು ಉಲ್ಟಾ. ಸ್ಕ್ರೀನ್‌ಗೆ ಅದು ಗೊತ್ತಾಗುವುದಿಲ್ಲ. ಅದು ಕರೆಂಟ್ ನೋಡಿ ಲೆಕ್ಕ ಹಾಕುತ್ತದೆ, ಅಷ್ಟೇ.

ಹಾಗಾಗಿ ಕೋಲಿನ ತುದಿಗೆ ಹಾಲ್ ಸೆನ್ಸರ್ (ಕಾಂತಕ್ಷೇತ್ರವನ್ನೇ ಅಳೆಯುವ ಪುಟ್ಟ ಸಾಧನ) ಕಟ್ಟಿ ಮ್ಯಾಗ್ನೆಟ್ಟಿನೊಳಗೆ ಇಳಿಸಿದೆವು. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವೇ ಇದರ ಆಧಾರ: ಕರೆಂಟ್ ಹರಿಯುವ ವಸ್ತುವನ್ನು ಕಾಂತಕ್ಷೇತ್ರದಲ್ಲಿಟ್ಟರೆ ಅಡ್ಡಕ್ಕೆ ಒಂದು ವೋಲ್ಟೇಜ್ ಹುಟ್ಟುತ್ತದೆ. ಎರಡು ತಂತಿಯಲ್ಲಿ ಕರೆಂಟ್ ಕೊಡುತ್ತೇವೆ, ಇನ್ನೆರಡರಲ್ಲಿ ವೋಲ್ಟೇಜ್ ಓದುತ್ತೇವೆ. ನಮ್ಮ ಸೆನ್ಸರ್ 100 ಮಿಲಿಆಂಪ್‌ಗೆ, ಒಂದು ಟೆಸ್ಲಾದಲ್ಲಿ ಸುಮಾರು 8 ಮಿಲಿವೋಲ್ಟ್ ಕೊಡುತ್ತದೆ. ಅಂದರೆ 1 ಮಿಲಿಟೆಸ್ಲಾಗೆ ಬರೀ 8 ಮೈಕ್ರೋವೋಲ್ಟ್.

ಇಲ್ಲೇ ಕಷ್ಟ ಶುರು. ತಂತಿಯ ಒಂದು ತುದಿ ಮಂಗಳೂರಿನ ಸೆಕೆಯಲ್ಲಿ, 30 ಡಿಗ್ರಿ. ಇನ್ನೊಂದು ತುದಿ ದ್ರವ ಹೀಲಿಯಂನಲ್ಲಿ, ಮೈನಸ್ 269. ಈ ವ್ಯತ್ಯಾಸಕ್ಕೇ ಬೆಸುಗೆಗಳಲ್ಲಿ ಕೆಲವು ಮೈಕ್ರೋವೋಲ್ಟ್ ಹುಟ್ಟುತ್ತದೆ. 8 ಮೈಕ್ರೋವೋಲ್ಟ್ ತಪ್ಪಿದರೆ ಭೂಮಿಯ ಕ್ಷೇತ್ರದ 25 ಪಟ್ಟು ತಪ್ಪಿದಂತೆ. ನಮ್ಮ ಕರಾವಳಿಯಲ್ಲಿ ಭೂಮಿಯದ್ದು ಸುಮಾರು 40 ಮೈಕ್ರೋಟೆಸ್ಲಾ.

ಉಪಾಯ ಸುಲಭ. ಕರೆಂಟಿನ ದಿಕ್ಕು ಬದಲಿಸಿ ಇನ್ನೊಮ್ಮೆ ಓದಿ. ಹಾಲ್ ವೋಲ್ಟೇಜ್ ಪ್ಲಸ್ ಇದ್ದದ್ದು ಮೈನಸ್ ಆಗುತ್ತದೆ, ಬೆಸುಗೆಯದ್ದು ಇದ್ದ ಹಾಗೇ ಇರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದು ಅರ್ಧ ಮಾಡಿ.

ಆದರೆ ಸೆನ್ಸರ್‌ನದ್ದೇ ಒಂದು ದೋಷ ಇದಕ್ಕೆ ಸಿಗುವುದಿಲ್ಲ. ವೋಲ್ಟೇಜ್ ತಂತಿಗಳು ಕೂದಲೆಳೆಯಷ್ಟು ಆಚೀಚೆ ಕೂತಿದ್ದರೂ ಕ್ಷೇತ್ರವೇ ಇಲ್ಲದಾಗಲೂ ರೀಡಿಂಗ್ ಬರುತ್ತದೆ, ಕರೆಂಟಿನ ಜೊತೆ ಅದೂ ತಿರುಗುತ್ತದೆ. ಅದಕ್ಕೆ ಸೆನ್ಸರನ್ನೇ ಮಗುಚಿ ಹಾಕಿ ಓದಬೇಕು. ಅದೂ ತಂಪಿನಲ್ಲೇ. ಹೊರಗೆ ಮೇಜಿನ ಮೇಲೆ ಹುಡುಕಿದ ಸೊನ್ನೆ ಹೀಲಿಯಂನೊಳಗೆ ಸೊನ್ನೆಯಾಗಿ ಉಳಿಯುವುದಿಲ್ಲ. ನಾವು ಕೋಲಿನ ತುದಿಯ ಪುಟ್ಟ ಗಿಯರ್ ತಿರುಗಿಸಿ ಮಗುಚುತ್ತೇವೆ.

ಜುಲೈ ತಿಂಗಳಲ್ಲಿ ಇನ್ನೊಂದು ಕಾಟ. ಕೋಲು ಹೊರಗೆ ತೆಗೆದ ಕೂಡಲೇ ಗಾಳಿಯ ತೇವವೆಲ್ಲ ಅದಕ್ಕೆ ಬಿಳಿ ಹಿಮವಾಗಿ ಅಂಟುತ್ತದೆ. ಕರಗಿದ ನೀರು ಕನೆಕ್ಟರ್ ಪಿನ್‌ಗಳ ನಡುವೆ ಇಳಿದರೆ ರೀಡಿಂಗ್ ಸುಮ್ನೆ ತೇಲಾಡುತ್ತದೆ. ಹೇರ್ ಡ್ರೈಯರ್ ಹಿಡಿದು ಪೂರ್ತಿ ಒಣಗುವ ತನಕ ಕಾಯಲೇಬೇಕು.

ಆ ದಿನ ಎಲ್ಲ ಮಾಡಿದ ಮೇಲೆ ಸಿಕ್ಕ ಉತ್ತರ: ಸ್ಕ್ರೀನಿನ "ಸೊನ್ನೆ"ಯಲ್ಲಿ ಮೈನಸ್ 2 ಮಿಲಿಟೆಸ್ಲಾ. ಮ್ಯಾಗ್ನೆಟ್ಟನ್ನು ಒಮ್ಮೆ ಪ್ಲಸ್, ಒಮ್ಮೆ ಮೈನಸ್, ಪ್ರತಿ ಸಲ ಸ್ವಲ್ಪ ಕಡಿಮೆ ಮಾಡುತ್ತ ಇಳಿಸಿದೆವು. ಉಳಿದದ್ದು 0.1ಕ್ಕಿಂತ ಕಡಿಮೆ. ಸ್ಯಾಂಪಲ್ ಬಿಸಿ ಮಾಡಿ, ಮತ್ತೆ 1 ಮಿಲಿಟೆಸ್ಲಾ ಇಟ್ಟು ತಂಪು ಮಾಡಿದಳು. ಈ ಸಲ ಗ್ರಾಫ್ ಸೊನ್ನೆಯಿಂದ ಕೆಳಗೆ ಇಳಿಯಿತು, ಅಂದರೆ ಸ್ಯಾಂಪಲ್ ಕ್ಷೇತ್ರವನ್ನು ಹೊರಗೆ ತಳ್ಳಿತು.