ರಿಕವರಿ: ಚೇತರಿಕೆಯೋ, ವಸೂಲಿಯೋ?

"ಸಿಸ್ಟಮ್ ರಿಕವರಿ ಮಾಡಿದೆ, ಆದರೆ ಫೋಟೋಗಳು ರಿಕವರ್ ಆಗಲೇ ಇಲ್ಲ." ಈ ದೂರನ್ನು ಒಂದೇ ತಿಂಗಳಲ್ಲಿ ಮೂರನೇ ಸಲ ಕೇಳಿದೆ. ಮೂರು ಸಲವೂ "ಇನ್ನೊಂದು ಸಲ ರಿಕವರಿ ಮಾಡಿ ನೋಡಿ" ಎಂದು ಸಲಹೆ ಕೊಡುವವರೊಬ್ಬರು ಅಲ್ಲೇ ಇದ್ದರು. ದಯವಿಟ್ಟು ಮಾಡಿ ನೋಡಬೇಡಿ. ಫೋಟೋ ಹೋಗಿದ್ದೇ ಆ ರಿಕವರಿಯಿಂದ.

ತಮಾಷೆ ಏನೆಂದರೆ, ಇಂಗ್ಲಿಷಿನ ಈ ಒಂದು ಪದಕ್ಕೆ ಕನ್ನಡದಲ್ಲಿ ನಮ್ಮ ಬಳಿ ಎರಡು ಪದ ಇವೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ರೋಗಿ ರಿಕವರ್ ಆದರೆ ಅದು ಚೇತರಿಕೆ. ಕೊಟ್ಟ ಸಾಲ ರಿಕವರ್ ಆದರೆ ಅದು ವಸೂಲಿ. "ಸಾಲ ಚೇತರಿಸಿಕೊಂಡಿತು" ಅಂದರೆ ಜನ ನಗುತ್ತಾರೆ. "ರೋಗಿ ವಸೂಲಾದ" ಅಂದರೆ ಆಸ್ಪತ್ರೆಯ ಬಿಲ್ ನೆನಪಾಗುತ್ತದೆ.

ವ್ಯಾಕರಣವನ್ನೇ ನೋಡಿ. ಚೇತರಿಸಿಕೊಳ್ಳು ಎನ್ನುವುದರ ಬಾಲದಲ್ಲಿ ಒಂದು "ಕೊಳ್ಳು" ಇದೆ. ಯಾರಿಗೆ ಹುಷಾರಿಲ್ಲವೋ ಅವರೇ ಚೇತರಿಸಿಕೊಳ್ಳಬೇಕು, ಫಲವೂ ಅವರಿಗೇ. ಪಕ್ಕದಲ್ಲಿ ನಿಂತವರ ಜೇಬಿಗೆ ಏನೂ ಬರುವುದಿಲ್ಲ. ವಸೂಲಿ ಹಾಗಲ್ಲ. ಅದರ ಮೂಲ ಅರಬ್ಬಿಯ "ವುಸೂಲ್", ಅಂದರೆ ಬಂದು ತಲುಪುವುದು. ಕೈಬಿಟ್ಟು ಹೋಗಿದ್ದು ಮತ್ತೆ ಕೈಗೆ ಬಂದು ತಲುಪಿದರೆ ಮಾತ್ರ ವಸೂಲಿ. ಅದನ್ನು ಕೇಳಿದ ಕೂಡಲೇ "ಏನನ್ನು? ಯಾರಿಂದ?" ಎಂಬ ಪ್ರಶ್ನೆ ಹುಟ್ಟುತ್ತದೆ. ಚೇತರಿಕೆಗೆ "ಯಾರು?" ಎಂಬ ಪ್ರಶ್ನೆ ಸಾಕು.

ಇಂಗ್ಲಿಷಿನವರಿಗೆ ಈ ಅನುಕೂಲ ಇಲ್ಲ, ಪಾಪ. ಲ್ಯಾಟಿನ್ನಿನ "ರೆಕುಪೆರಾರೆ", ಅಂದರೆ ಮರಳಿ ಪಡೆ, ಹಳೆಯ ಫ್ರೆಂಚ್ ದಾಟಿ "ರಿಕವರ್" ಆಯಿತು. ಅದೇ ಲ್ಯಾಟಿನ್ ಪದ ಮುಂದೆ ಇನ್ನೊಂದು ಸಲ ನೇರವಾಗಿ ಬಂದು "ರೆಕ್ಯುಪರೇಟ್" ಆಯಿತು. ಕಾಯಿಲೆಯಿಂದ ಏಳುವ ಅರ್ಥವನ್ನು ಅದು ವಹಿಸಿಕೊಂಡರೂ "ರಿಕವರ್" ತನ್ನ ಪಾಲು ಬಿಟ್ಟುಕೊಡಲಿಲ್ಲ. ಎರಡೂ ಹೊರೆಯನ್ನು ಹೊತ್ತುಕೊಂಡೇ ಅದು ಕಂಪ್ಯೂಟರಿಗೆ ಬಂತು. ಅವರು ಗೊಂದಲ ಮಾಡಿಕೊಂಡರೆ ಅರ್ಥವಾಗುತ್ತದೆ. ಎರಡು ಪದ ಕೈಯಲ್ಲಿಟ್ಟುಕೊಂಡ ನಾವೂ ಯಾಕೆ ಗೊಂದಲ ಮಾಡಿಕೊಳ್ಳಬೇಕು?

ಸಿಸ್ಟಮ್ ರಿಕವರಿ ಎಂದರೆ ಸಿಸ್ಟಮ್ಮಿನ ಚೇತರಿಕೆ. ಡೇಟಾ ರಿಕವರಿ ಎಂದರೆ ಡೇಟಾದ ವಸೂಲಿ. ಮೊದಲನೆಯದರಲ್ಲಿ ರೋಗಿ ಆಪರೇಟಿಂಗ್ ಸಿಸ್ಟಮ್. ನಿಮ್ಮ ಮದುವೆ ಫೋಟೋ, ಅರ್ಧ ಬರೆದ ಪ್ರಬಂಧ, ಲೆಕ್ಕದ ಹಾಳೆ ಯಾವುದೂ ಅಲ್ಲ. ಲ್ಯಾಪ್‌ಟಾಪ್ ತಯಾರಕರು ಡಿಸ್ಕಿನ ಒಂದು ಮೂಲೆಯಲ್ಲಿ ಇಟ್ಟಿರುವ ರಿಕವರಿ ಪಾರ್ಟಿಷನ್ನಿಂದ ಸಿಸ್ಟಮ್ಮನ್ನು ಮೊದಲಿನ ಸ್ಥಿತಿಗೆ ತಂದರೆ ಆಗುವುದಿಷ್ಟು: ಸಿ ಡ್ರೈವ್ ಅಳಿಸಿಹೋಗಿ, ಕಾರ್ಖಾನೆಯಿಂದ ಹೊರಟ ದಿನದ ಪ್ರತಿ ಅಲ್ಲಿ ಬಂದು ಕೂರುತ್ತದೆ. ರೋಗಿ ಎದ್ದು ಓಡಾಡುತ್ತಿದ್ದಾನೆ, ನಿಮ್ಮ ಗುರುತು ಮಾತ್ರ ಅವನಿಗೆ ಇಲ್ಲ.

ಇದಕ್ಕೆ "ಸಿಸ್ಟಮ್ ಮರುಪಡೆಯುವಿಕೆ" ಎಂದು ಅನುವಾದ ಮಾಡುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಮರಳಿ ಪಡೆಯುವುದು ಎಂದರೆ ವಸೂಲಿಯ ಅರ್ಥ, ಅಲ್ವಾ? ಓದಿದವರು ಏನೋ ವಾಪಸ್ ಬರುತ್ತದೆ ಅಂದುಕೊಂಡೇ ಬಟನ್ ಒತ್ತುತ್ತಾರೆ. ಸುಮ್ನೆ "ಸಿಸ್ಟಮ್ ಚೇತರಿಕೆ" ಎಂದಿದ್ದರೆ ಒತ್ತುವ ಮೊದಲು ಒಂದು ಕ್ಷಣ ಯೋಚಿಸುತ್ತಿದ್ದರು. ಆಂಡ್ರಾಯ್ಡ್ ಫೋನಿನ ರಿಕವರಿ ಮೋಡ್ ನೋಡಿದ್ದೀರಾ? ಆ ಮೆನುವಿನಲ್ಲಿರುವ ಒಂದು ಆಯ್ಕೆ "ವೈಪ್ ಡೇಟಾ", ಅಂದರೆ ಡೇಟಾ ಒರೆಸಿಹಾಕು. ರಿಕವರಿ ಎಂಬ ಹೆಸರಿನ ಮನೆಯೊಳಗೇ ಪೊರಕೆ ಇಟ್ಟಿದ್ದಾರೆ. ವಸೂಲಿ ಅಂದುಕೊಂಡು ಒಳಗೆ ಹೋದವರಿಗೆ ಇದು ವಿಚಿತ್ರ. ಚೇತರಿಕೆ ಅಂದುಕೊಂಡವರಿಗೆ ವಿಚಿತ್ರವೇ ಅಲ್ಲ.

ಮ್ಯಾಕ್ ಬಳಸುವವರು ಇಲ್ಲಿ "ನಮ್ಮಲ್ಲಿ ಹಾಗೇನೂ ಆಗಲ್ಲ" ಎನ್ನುತ್ತಾರೆ. ನಿಜ. ಅಲ್ಲಿನ ರಿಕವರಿಯಲ್ಲಿ ಡಿಸ್ಕ್ ಅಳಿಸದೆ ಮ್ಯಾಕ್‌ಓಎಸ್ಸನ್ನು ಮತ್ತೆ ಹಾಕಿದರೆ ಫೈಲುಗಳು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ. ಅವು ವಸೂಲಾಗಲಿಲ್ಲ, ಯಾರೂ ಮುಟ್ಟಲಿಲ್ಲ ಅಷ್ಟೇ.

ಇನ್ನು ರಿಸ್ಟೋರ್. ವಿಂಡೋಸಿನ ಸಿಸ್ಟಮ್ ರಿಸ್ಟೋರ್ 2000ರಲ್ಲಿ, ವಿಂಡೋಸ್ ಎಂಇ ಜೊತೆ ಬಂತು. ಅದು ಸಿಸ್ಟಮ್ ಫೈಲು, ಡ್ರೈವರ್, ರಿಜಿಸ್ಟ್ರಿ (ಸೆಟ್ಟಿಂಗುಗಳನ್ನು ವಿಂಡೋಸ್ ಬರೆದಿಡುವ ಜಾಗ) ಇವನ್ನು ಒಂದು ಹಳೆಯ ದಿನದ ಸ್ಥಿತಿಗೆ ತಿರುಗಿಸುತ್ತದೆ. ಆ ದಿನದ ನಂತರ ಹಾಕಿದ ಸಾಫ್ಟ್‌ವೇರ್ ಹೋಗುತ್ತದೆ. ಯಾವುದಕ್ಕೆಲ್ಲ ಪೆಟ್ಟು ಬೀಳುತ್ತದೆ ಎಂದು ಮೊದಲೇ ತೋರಿಸುವ ಬಟನ್ ಅಲ್ಲೇ ಇದೆ, ಒತ್ತುವವರು ಕಡಿಮೆ. ನಿನ್ನೆ ಅಳಿಸಿದ ವರ್ಡ್ ಫೈಲು ಇದರಿಂದ ಬರುವುದಿಲ್ಲ, ಅದು ಇದರ ಕೆಲಸವೇ ಅಲ್ಲ.

ವಿಂಡೋಸನ್ನು ಹೊಸದಾಗಿ ಹಾಕಿಕೊಡುವ ರೀಸೆಟ್ಟಿನಲ್ಲಿ "ನನ್ನ ಫೈಲುಗಳನ್ನು ಉಳಿಸು" ಎಂಬ ಆಯ್ಕೆ ಇದೆ. ಇಲ್ಲಿ "ಫೈಲು" ಪದವನ್ನು ಬಹಳ ಚಿಕ್ಕ ಅರ್ಥದಲ್ಲಿ ಓದಬೇಕು. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಥರದ ಫೋಲ್ಡರುಗಳು ಉಳಿಯುತ್ತವೆ. ನೀವು ಹಾಕಿಕೊಂಡ ಸಾಫ್ಟ್‌ವೇರ್, ಅವುಗಳ ಸೆಟ್ಟಿಂಗ್ ಹೋಗುತ್ತವೆ. ಹೋದವುಗಳ ಪಟ್ಟಿಯೊಂದನ್ನು ಡೆಸ್ಕ್‌ಟಾಪ್ ಮೇಲೆ ಇಟ್ಟು ಹೋಗುವಷ್ಟು ಸೌಜನ್ಯ ವಿಂಡೋಸಿಗೆ ಇದೆ. ನಾನು ಇಲ್ಲಿ ಏಟು ತಿಂದಿದ್ದೇನೆ. ಹಳೆಯ ಮೇಲ್‌ಗಳನ್ನೆಲ್ಲ ಕಂಪ್ಯೂಟರಿಗೇ ಇಳಿಸಿಕೊಂಡಿದ್ದೆ. ಆ ಮೇಲ್ ಸಾಫ್ಟ್‌ವೇರ್ ಅವನ್ನು ಇಟ್ಟಿದ್ದು ಡಾಕ್ಯುಮೆಂಟ್ಸ್‌ನಲ್ಲಲ್ಲ, ಕಣ್ಣಿಗೆ ಕಾಣದ ಆ್ಯಪ್‌ಡೇಟಾ ಫೋಲ್ಡರಿನಲ್ಲಿ. "ಫೈಲುಗಳನ್ನು ಉಳಿಸು" ಎಂದು ಒತ್ತಿದೆ. ಫೈಲು ಉಳಿದವು, ಮೇಲ್ ಉಳಿಯಲಿಲ್ಲ. ಈಗ ರೀಸೆಟ್ಟಿಗೆ ಮುಂಚೆ ಯೂಸರ್ ಫೋಲ್ಡರನ್ನು ಪೂರ್ತಿಯಾಗಿ, ಅಡಗಿದ್ದೂ ಸೇರಿಸಿ, ಬೇರೆ ಡಿಸ್ಕಿಗೆ ಕಾಪಿ ಮಾಡುತ್ತೇನೆ.

ಸಾಫ್ಟ್‌ವೇರನ್ನೂ ಹಾಗೆಯೇ ಕಾಪಿ ಮಾಡಿಟ್ಟುಕೊಳ್ಳಬಹುದಲ್ಲ ಎಂದು ಕೇಳುತ್ತಾರೆ. ಪ್ರೋಗ್ರಾಮ್ ಫೈಲ್ಸ್ ಫೋಲ್ಡರನ್ನು ಎತ್ತಿ ತಂದು ಹೊಸ ವಿಂಡೋಸಿನಲ್ಲಿ ಇಟ್ಟರೆ ಹೆಚ್ಚಿನವು ಏಳುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ರಿಜಿಸ್ಟ್ರಿಯಲ್ಲಿ, ಸಿಸ್ಟಮ್ ಫೋಲ್ಡರುಗಳಲ್ಲಿ, ಸರ್ವೀಸ್ ಪಟ್ಟಿಯಲ್ಲಿ ಹತ್ತಾರು ಕಡೆ ಬೇರು ಬಿಟ್ಟಿರುತ್ತವೆ. ಮತ್ತೆ ಇನ್‌ಸ್ಟಾಲ್ ಮಾಡಲೇಬೇಕು. ಕಮಾಂಡ್ ಕೊಟ್ಟು ಸಾಫ್ಟ್‌ವೇರ್ ಹಾಕಿಸಿಕೊಳ್ಳಲು ವಿಂಡೋಸಿನಲ್ಲಿ ವಿನ್‌ಗೆಟ್ ಎಂಬ ಸಾಧನವಿದೆ. ಮೊದಲೇ "ವಿನ್‌ಗೆಟ್ ಎಕ್ಸ್‌ಪೋರ್ಟ್" ಕಮಾಂಡ್ ಕೊಟ್ಟಿದ್ದರೆ, ಅದಕ್ಕೆ ಗೊತ್ತಿರುವ ಸಾಫ್ಟ್‌ವೇರುಗಳ ಪಟ್ಟಿ ಒಂದು ಫೈಲಿನಲ್ಲಿ ಸಿಗುತ್ತದೆ. ಆಮೇಲೆ "ಇಂಪೋರ್ಟ್" ಕೊಟ್ಟರೆ ತಾನೇ ಸಾಲಾಗಿ ಹಾಕಿಕೊಳ್ಳುತ್ತದೆ. ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರಿಗೆ ಇಂತಿಷ್ಟೇ ಕಂಪ್ಯೂಟರ್ ಎಂಬ ಮಿತಿ ಇದ್ದರೆ, ಅಳಿಸುವ ಮುಂಚೆ ಲೈಸೆನ್ಸ್ ಡಿಆ್ಯಕ್ಟಿವೇಟ್ ಮಾಡಿ. ಇಲ್ಲದಿದ್ದರೆ ಸತ್ತ ವಿಂಡೋಸನ್ನೂ ಒಂದು ಕಂಪ್ಯೂಟರ್ ಎಂದು ಲೆಕ್ಕ ಹಿಡಿದುಬಿಡಬಹುದು.

ಈಗಾಗಲೇ ಕೈಮೀರಿದ್ದರೆ? ಆಗ ಬರುವುದೇ ವಸೂಲಿ, ನಿಜವಾದ ಡೇಟಾ ರಿಕವರಿ. ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೇ ವಿಂಡೋಸ್ ಹಾಕಿದ್ದರೆ ಮೊದಲು ಸಿ ಡ್ರೈವಿನಲ್ಲಿ "ವಿಂಡೋಸ್.ಓಲ್ಡ್" ಫೋಲ್ಡರ್ ಇದೆಯಾ ನೋಡಿ. ಅದರೊಳಗಿನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮವು ಇರಬಹುದು. ಇದ್ದರೆ ಇವತ್ತೇ ಕಾಪಿ ಮಾಡಿ. ಅಪ್‌ಗ್ರೇಡ್ ಆದ 10 ದಿನಕ್ಕೆ ವಿಂಡೋಸ್ ಅದನ್ನು ತಾನೇ ಅಳಿಸುತ್ತದೆ.

ಅದೂ ಇಲ್ಲವೆಂದರೆ ಆ ಡಿಸ್ಕ್ ಬಳಸುವುದನ್ನು ನಿಲ್ಲಿಸಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅಳಿಸುವುದೆಂದರೆ "ಈ ಜಾಗ ಖಾಲಿ" ಎಂದು ಗುರುತು ಹಾಕುವುದು. ಮೇಲೆ ಇನ್ನೊಂದು ಬಂದು ಕೂರುವ ತನಕ ಒಳಗಿನದು ಇದ್ದೇ ಇರುತ್ತದೆ. ಜನ ಮಾಡುವುದೇನು? ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಡೌನ್‌ಲೋಡ್ ಮಾಡುತ್ತಾರೆ. ಹುಡುಕಲು ಬಂದದ್ದೇ ಹುಡುಕುತ್ತಿದ್ದ ವಸ್ತುವಿನ ಮೇಲೆ ಕೂತಂತೆ. ಡೇಟಾವನ್ನು ಚಿಪ್ಪುಗಳಲ್ಲಿ ಇಡುವ ಹೊಸ ಬಗೆಯ ಡ್ರೈವ್ ಎಸ್‌ಎಸ್‌ಡಿಯಲ್ಲಿ ಈ ಆಸೆಯೂ ಕಡಿಮೆ. ಯಾವ ಜಾಗ ಬೇಡವಾಯಿತು ಎಂದು ವಿಂಡೋಸ್ ಟ್ರಿಮ್ ಕಮಾಂಡ್ ಮೂಲಕ ಡ್ರೈವಿಗೆ ಹೇಳುತ್ತದೆ, ಡ್ರೈವ್ ತನ್ನ ಪಾಡಿಗೆ ಅದನ್ನು ಅಳಿಸಿಬಿಡುತ್ತದೆ. ಸಾಲಗಾರನೇ ಊರು ಬಿಟ್ಟ ಮೇಲೆ ವಸೂಲಿ ಎಲ್ಲಿಂದ?

ಹಾಗಾಗಿ ವಿಂಡೋಸ್ ಏಳುತ್ತಿಲ್ಲ ಎಂದ ಕೂಡಲೇ ರಿಕವರಿ ಬಟನ್ನಿಗೆ ಕೈ ಹಾಕಬೇಡಿ. ಪೆನ್‌ಡ್ರೈವಿನಿಂದ ಲಿನಕ್ಸ್ ಎಂಬ ಬೇರೊಂದು ಆಪರೇಟಿಂಗ್ ಸಿಸ್ಟಮ್ಮನ್ನು ಬೂಟ್ ಮಾಡಿ, ಡಿಸ್ಕ್ ತೆರೆದು, ಬೇಕಾದ್ದನ್ನು ಹೊರಗೆ ತೆಗೆದಿಡಿ. ರೋಗಿಯ ಚಿಕಿತ್ಸೆ ಆಮೇಲೆ. ಡಿಸ್ಕಿಗೆ ವಿಂಡೋಸಿನ ಬೀಗವಾದ ಬಿಟ್‌ಲಾಕರ್ ಹಾಕಿದ್ದರೆ ತೆರೆಯಲು 48 ಅಂಕಿಗಳ ಒಂದು ಸಂಖ್ಯೆ ಬೇಕು. ಅದರ ಹೆಸರು ರಿಕವರಿ ಕೀ. ಹೌದು, ಮತ್ತೆ ಅದೇ ಪದ. ಈ ಸಲ ಚೇತರಿಕೆಯೂ ಅಲ್ಲ, ವಸೂಲಿಯೂ ಅಲ್ಲ, ಬರೀ ಬೀಗದ ಕೈ. ಅನೇಕರಿಗೆ ಗೊತ್ತೇ ಇಲ್ಲದಂತೆ ಅದು ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಸೇವ್ ಆಗಿರುತ್ತದೆ. ಫೋನಿನಲ್ಲೇ ಲಾಗಿನ್ ಆಗಿ ನೋಡಬಹುದು.